ಬ್ಯಾನಿ ತಿನ್ನುವ ಪುಣ್ಯ

ಹೋದ ತಿಂಗಳು ತಿಕೋಟಾಕ್ಕೆ ಹೋಗಿದ್ದಾಗ ಅವ್ವನ ಮುಂದೆ ಒಂದು ಮಾತು ಆಡಿದೆ. ನನಗೀಗ ಏಳು ತಿಂಗಳು, ಇದು ಎರಡನೆಯದು. ಮೊದಲ ಮಗಳಿಗೆ ನಾಲ್ಕು ವರ್ಷ. "ಈ ಸಲ ಬ್ಯಾನಿ ಕಡಿಮಿ ಮಾಡೂ ಇಂಜೆಕ್ಷನ್ ತಗೊಂಡು ಹಡೀತೀನವ್ವಾ" ಅಂದೆ. ಅವ್ವ ಅಂಗಳದಲ್ಲಿ ಕೂತು ಒಣದ್ರಾಕ್ಷಿಯಲ್ಲಿನ ಕಡ್ಡಿ ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ಹಂಗಾದ್ರ ನಾ ನಾಕು ಹಡದು ಬ್ಯಾನಿ ತಿಂದದ್ದು ಸುಮ್ನ ಆತೇನು?"

ನಾನು ವಿಜಯಪುರದಲ್ಲಿ, ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾಲಯದಲ್ಲಿ, ವಚನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ದೇಹ, ನೋವು, ಹೆಣ್ಣು ಎಂದು ಸೆಮಿನಾರುಗಳಲ್ಲಿ ಮಾತಾಡಿ ಚಪ್ಪಾಳೆ ಪಡೆದವಳು. ಅವ್ವನ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸ್ಸು ಹಿಡಿದು ವಿಜಯಪುರಕ್ಕೆ ಬಂದೆ. ಈ ಬರಹ ಆ ಉತ್ತರ ಹುಡುಕುವ ಪ್ರಯತ್ನ.

ಮೊದಲ ಹೆರಿಗೆಯ ಸಂಗತಿಯನ್ನು ಮೊದಲು ಹೇಳಬೇಕು. ಆಗ ನಾನು ಸಹಜ ಹೆರಿಗೆಯ ಬಗ್ಗೆ ಅಷ್ಟಿಷ್ಟು ಓದಿಕೊಂಡು, ಔಷಧಿ ಇಲ್ಲದೆಯೇ ಹಡೆಯುತ್ತೇನೆ ಎಂದು ತಪಾಸಣೆಯ ವೇಳೆ ಹೇಳಿದ್ದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ಆ ರಾತ್ರಿ ಹೆರಿಗೆ ಕೋಣೆಯ ಬಾಗಿಲಲ್ಲಿ ಅವ್ವನನ್ನು ಹೊರಗೇ ನಿಲ್ಲಿಸಿದರು. ಎದ್ದು ಓಡಾಡಬೇಕೆಂದರೆ ಮಲಗಿಸಿದರು. ನಡುರಾತ್ರಿಯ ಹೊತ್ತಿಗೆ ನೋವು ತಾಳಲಾಗದೆ ಏನಾದರೂ ಕೊಡಿ ಎಂದು ಬೇಡಿದೆ. "ನೀವ ಬ್ಯಾಡ ಅಂದಿದ್ರಲ್ರೀ" ಎಂದಳು ಒಬ್ಬಳು. "ಎಲ್ಲಾರೂ ಹಡೀತಾರ, ನಿಂದೇನು ವಿಶೇಷ?" ಎಂದಳು ಮತ್ತೊಬ್ಬಳು. ಮಗು ಆರೋಗ್ಯವಾಗಿತ್ತು, ನಾನೂ ಬದುಕಿದ್ದೆ. ಎಲ್ಲರೂ ಪೇಢೆ ತಿಂದರು. ಅದರ ಮೇಲೆ ದೂರುವುದಕ್ಕೆ ಏನು ಉಳಿಯಿತು ಎಂದು ನಾನೂ ಸುಮ್ಮನಾದೆ.

ನೋವು ಅನುಭವಿಸದವರಿಗೆ ಅದು ತಿಳಿಯದು ಎಂದು, ಹೆರಿಗೆಯ ಬೇನೆಯನ್ನೇ ಉಪಮೆಯಾಗಿಸಿ ಹೇಳುವ ಅಕ್ಕನ ವಚನವೊಂದಿದೆ. ನಮ್ಮಲ್ಲಿ ಅದನ್ನು ಬಾಯಿಪಾಠ ಮಾಡದವರು ಕಡಿಮೆ. ಅಕ್ಕನ ಮಾತು ನೋಯದವರ ಬಾಯಿ ಮುಚ್ಚಿಸುತ್ತದೆ. ಆದರೆ ಮನೆಗಳಲ್ಲಿ ನಡೆಯುವುದು ಇನ್ನೊಂದು ಬಗೆಯದು. ಬಬಲೇಶ್ವರದಲ್ಲಿ ನನ್ನ ಅತ್ತೆ ಹೇಳಿದರು: "ನಾವೂ ಹಡದೀವಿ ಬಿಡು. ಎರಡನೇದು ಬೆಣ್ಣ್ಯಾಗಿನ ಕೂದಲ ತಗದಂಗ ಹಗೂರ ಆಗತೈತಿ." ಇಲ್ಲಿ ಬಾಯಿ ಮುಚ್ಚಿಸುತ್ತಿರುವವರು ನೊಂದವರೇ. ಒಬ್ಬಳು ನೋವುಂಡಳು ಎಂಬ ಮಾತ್ರಕ್ಕೆ ಇನ್ನೊಬ್ಬಳ ನೋವು ಅವಳಿಗೆ ತಿಳಿದಂತಾಯಿತೇ? ನನ್ನ ಮೊದಲ ಬೇನೆಯನ್ನು ತಿಂದ ನನಗೇ ಎರಡನೆಯದು ಹೇಗಿರುತ್ತದೆಂದು ಗೊತ್ತಿಲ್ಲ.

ಹೆರಿಗೆಯ ನೋವನ್ನು ತೆಗೆಯಬಹುದೇ ಎನ್ನುವುದು ಹಳೆಯ ಜಗಳ. 1847ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯಲ್ಲಿ ಮೊದಲು ಈಥರ್, ಆಮೇಲೆ ಕ್ಲೋರೋಫಾರ್ಮ್ ಬಳಸಿದ. ಹೆಣ್ಣು ನೋವಿನಲ್ಲಿ ಹಡೆಯಬೇಕೆಂಬುದು ದೇವರ ಮಾತು ಎಂಬ ಆಕ್ಷೇಪಕ್ಕೆ ಅವನು ಅದೇ ವರ್ಷ ಬೈಬಲ್ಲಿನಿಂದಲೇ ಉತ್ತರ ಬರೆದ: ಆದಾಮನ ಪಕ್ಕೆಲುಬು ತೆಗೆಯುವ ಮುಂಚೆ ದೇವರೇ ಅವನಿಗೆ ಗಾಢ ನಿದ್ದೆ ಬರಿಸಿದ್ದನಲ್ಲ! 1853ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಹೆರಿಗೆಗೆ ಕ್ಲೋರೋಫಾರ್ಮ್ ತೆಗೆದುಕೊಂಡಳು. ಆಮೇಲೆ ಅದು ದೊಡ್ಡ ಮನೆಗಳಲ್ಲಿ ಸಭ್ಯವಾದ ಸಂಗತಿಯಾಯಿತು. ವಾದ ಗೆದ್ದದ್ದು ವೈದ್ಯನ ತರ್ಕಕ್ಕಿಂತ ರಾಣಿಯ ಒಪ್ಪಿಗೆಯಿಂದ ಎಂಬುದನ್ನು ನಾವು ಗಮನಿಸಬೇಕು. ನೋವು ಬೇಡ ಎನ್ನಲು ಎಲ್ಲ ಹೆಂಗಸರ ಮಾತಿಗೂ ಒಂದೇ ತೂಕ ಇರಲಿಲ್ಲ. ಈಗಲೂ ಇಲ್ಲ.

ನಮ್ಮ ಕಡೆ ಈ ಜಗಳದ ರೂಪ ಬೇರೆ. ಇಂಜೆಕ್ಷನ್ ಪೇಟೆಯದು, ಬೇನೆ ನಮ್ಮ ಸಂಪ್ರದಾಯ ಎನ್ನುತ್ತಾರೆ. ನಾನೂ ಹಾಗೇ ನಂಬಿದ್ದೆ. ಮುಂದಿನ ವಾರ ಮತ್ತೆ ತಿಕೋಟಾಕ್ಕೆ ಹೋದಾಗ, ನೀ ನನ್ನನ್ನ ಹೆಂಗ ಹಡದಿ ಎಂದು ಅವ್ವನನ್ನು ಕೇಳಿದೆ. ಅವ್ವ ಕೈಯಲ್ಲಿನ ಕೆಲಸ ಬಿಟ್ಟಳು. ಸೂಲಗಿತ್ತಿ ಬೆಳಗಿನಿಂದ ಜೊತೆಗಿದ್ದಳಂತೆ. ಬೇನೆ ಬಂದಾಗಲೆಲ್ಲ ಔಡಲೆಣ್ಣೆ ಹಚ್ಚಿ ಸೊಂಟ ಒತ್ತುತ್ತಿದ್ದಳು. ಬಿಸಿನೀರು ಹಾಕುತ್ತಿದ್ದಳು. ಅಂಗಳದಲ್ಲಿ ತಿರುಗಾಡಿಸುತ್ತಿದ್ದಳು. ತೊಲೆಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ಕುಕ್ಕರಗಾಲಲ್ಲಿ ಕೂರಲು ಹೇಳಿದ್ದಳು. "ಒಟ್ಟ ಕೈ ಬಿಡಲಿಲ್ಲವ್ವ ಆಕಿ" ಎಂದಳು ಅವ್ವ.

ಅಲ್ಲಿಗೆ ನನಗೊಂದು ವಿಷಯ ಹೊಳೆಯಿತು. ಇದು ನೋವು ಕಡಿಮೆ ಮಾಡುವ ವಿದ್ಯೆಯೇ ಅಲ್ಲವೇ? ನಮ್ಮ ಹಿಂದಿನವರು ಹೆಂಗಸನ್ನು ಬೇನೆಯೊಡನೆ ಒಬ್ಬಳನ್ನೇ ಬಿಟ್ಟಿರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವು ಗೌರವಿಸಿದ್ದು ಇಂಥ ಕೈಗಳನ್ನೇ. ಹಾಗೆಂದು ಹಳೆಯದಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ರಕ್ತಸ್ರಾವದಿಂದ, ನಂಜಿನಿಂದ ಎಷ್ಟೋ ಹೆಂಗಸರು ಮನೆಗಳಲ್ಲಿ ಸತ್ತಿದ್ದಾರೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಬಡವರ ಮನೆಯ ಹೆರಿಗೆಗಳೂ ಆಸ್ಪತ್ರೆಗೆ ಬಂದವು, ಅದು ಆಗಬೇಕಾದದ್ದೇ. ಆದರೆ ಬಾಗಿಲ ಹೊರಗೆ ಸೂಲಗಿತ್ತಿಯ ಜೊತೆ ಅವಳ ಕೈಯೂ ಉಳಿಯಿತು. ಒಳಗೆ ನೋವಿನ ಔಷಧಿ ಇನ್ನೂ ಬಂದಿರಲಿಲ್ಲ. ನಾನು ಆ ರಾತ್ರಿ ತಿಂದ ಬ್ಯಾನಿ ಸಂಪ್ರದಾಯದ್ದೂ ಅಲ್ಲ, ವೈದ್ಯದ್ದೂ ಅಲ್ಲ. ಎರಡೂ ಕೈಬಿಟ್ಟ ನಡುವಿನ ಜಾಗದ್ದು. ಅದನ್ನು ಸಹಜ ಎಂದು ಕರೆದು ನಾನೇ ಮೋಸಹೋಗಿದ್ದೆ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಹೆರಿಗೆಯ ಮಾರ್ಗಸೂಚಿಯಲ್ಲಿ ಈ ಎರಡೂ ಒಟ್ಟಿಗೇ ಇವೆ. ನೋವು ಕಡಿಮೆ ಮಾಡಿ ಎಂದು ಕೇಳುವ ಆರೋಗ್ಯವಂತ ಗರ್ಭಿಣಿಗೆ ಎಪಿಡ್ಯೂರಲ್ ಕೊಡಬಹುದು. ಅವಳ ಇಷ್ಟದಂತೆ ಮಾಲೀಸು, ಬಿಸಿ ಶಾಖವೂ ಆಗಬಹುದು. ಅವಳು ಆರಿಸಿದ ಒಬ್ಬರು ಜೊತೆಗಿರಬೇಕು. ಸೂಜಿಯೂ ಸೂಲಗಿತ್ತಿಯ ಕೈಯೂ ಒಂದೇ ಪುಸ್ತಕದಲ್ಲಿ. ಕೇಳುವವಳ ಇಷ್ಟ ಎಂಬುದೇ ಅಲ್ಲಿ ಮುಖ್ಯ.

ಎಪಿಡ್ಯೂರಲ್ ಅಂದರೆ ಕೆಳಬೆನ್ನಿನಲ್ಲಿ ಬೆನ್ನುಹುರಿಯ ಹೊದಿಕೆಯ ಹೊರಗೆ ಸಣ್ಣ ನಳಿಕೆ ಇರಿಸಿ, ಅದರ ಮೂಲಕ ಔಷಧಿ ಹರಿಸುವುದು. ಎಚ್ಚರ ಇರುತ್ತದೆ, ನೋವು ಇಳಿಯುತ್ತದೆ. ಜನ ಹೆದರುವಂತೆ ಇದರಿಂದ ಸಿಜೇರಿಯನ್ ಹೆಚ್ಚುವುದಿಲ್ಲ. ಜೀವನಪೂರ್ತಿ ಸೊಂಟ ಹಿಡಿಯುತ್ತದೆ ಎಂಬುದಕ್ಕೂ ಆಧಾರ ಸಿಕ್ಕಿಲ್ಲ. ಆದರೆ ರಕ್ತದೊತ್ತಡ ಇಳಿಯಬಹುದು, ಕಾಲು ಭಾರವಾಗಬಹುದು, ತುರಿಕೆ ಬರಬಹುದು, ಮಗುವನ್ನು ತಳ್ಳುವ ಹಂತ ಕೊಂಚ ಉದ್ದವಾಗಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ ಆಮೇಲೆ ಜೋರು ತಲೆನೋವು ಕಾಡುತ್ತದೆ. ಅರಿವಳಿಕೆ ತಜ್ಞರು ಹತ್ತಿರವೇ ಇರಬೇಕು.

ಎರಡನೆಯ ಹೆರಿಗೆಯ ಕಷ್ಟ ಇರುವುದು ಇಲ್ಲಿ. ಅತ್ತೆ ಹೇಳಿದ್ದರಲ್ಲಿ ಅರ್ಧ ನಿಜ: ಎರಡನೆಯದು ಸಾಮಾನ್ಯವಾಗಿ ಬೇಗ ಆಗುತ್ತದೆ. ಬೇಗ ಆಗುವುದು ಮತ್ತು ಹಗುರ ಆಗುವುದು ಒಂದೇ ಅಲ್ಲ. ಬಬಲೇಶ್ವರದಿಂದ ಹೊರಟು ವಿಜಯಪುರ ಮುಟ್ಟಿ, ತಜ್ಞರು ಬಂದು, ನಳಿಕೆ ಇಟ್ಟು, ಔಷಧಿ ಹತ್ತುವಷ್ಟರಲ್ಲಿ ಮಗುವೇ ಬಂದಿರಬಹುದು. ಅದಕ್ಕೇ ಕೊನೆಯ ವಾರಗಳಲ್ಲಿ ನಗರದ ಬಾಡಿಗೆ ಕೋಣೆಯಲ್ಲೇ ಇರುವುದೆಂದು ನಿರ್ಧರಿಸಿದ್ದೇನೆ. ಇನ್ನೊಂದನ್ನು ಮನೆಯಲ್ಲಿ ಯಾರೂ ಹೇಳಿರಲಿಲ್ಲ, ವೈದ್ಯರು ಹೇಳಿದರು: ಹಡೆದ ಮೇಲೆ ಗರ್ಭಕೋಶ ಕುಗ್ಗುವಾಗಿನ ಹೊಟ್ಟೆನೋವು ಎರಡನೆಯ ಸಲ ಹೆಚ್ಚು, ಮಗುವಿಗೆ ಹಾಲೂಡುವಾಗ ಇನ್ನೂ ಹೆಚ್ಚು. ಅದಕ್ಕೂ ಮಾತ್ರೆ ಕೇಳಿ ಪಡೆಯಬಹುದು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಾಯಿ ಕಾರ್ಡಿನೊಳಗೆ ಇಟ್ಟಿದ್ದೇನೆ. ಅವ್ವ ಜೊತೆಗಿರಬೇಕು. ತಿರುಗಾಡಲು ಬಿಡಬೇಕು. ನಾನು ಕೇಳಿದಾಗ ಎಪಿಡ್ಯೂರಲ್. ಅದಕ್ಕೆ ಸಮಯ ಇಲ್ಲದಿದ್ದರೆ ಅಲ್ಲಿ ಇರುವ ಬೇರೆ ದಾರಿ. ಕೂಗಿದರೆ ಬೈಯಬಾರದು. ಬರೆಯುತ್ತ ಬರೆಯುತ್ತ ಒಂದು ಕಡೆ ಪೆನ್ನು ನಿಂತಿತು. ಏಳನೆಯ ತಿಂಗಳಲ್ಲಿ ಶಾಂತವಾಗಿ ಕೂತು ಬರೆಯುವ ನಾನು ಸರಿಯೋ, ಬೇನೆಯ ನಡುವೆ ಕೂಗುವ ನಾನು ಸರಿಯೋ? ಮೊದಲ ಸಲ, ಮೊದಲೇ ಆಡಿದ ಮಾತಿಗೇ ನನ್ನನ್ನು ಕಟ್ಟಿಹಾಕಿದ್ದರು. ನೋವಿನಲ್ಲಿರುವವಳ ಮಾತು ಬುದ್ಧಿ ಕೆಟ್ಟ ಮಾತು ಎಂದು ತಿಳಿದರೆ, ನೋವನ್ನು ಚೆನ್ನಾಗಿ ಬಲ್ಲವಳ ಸಾಕ್ಷಿಯನ್ನೇ ತಳ್ಳಿಹಾಕಿದಂತೆ. ಹಾಗಾಗಿ ಕೊನೆಯ ಸಾಲಿನಲ್ಲಿ ಬರೆದೆ: "ಬೇಕು ಎಂದದ್ದನ್ನು ಬೇಡ ಎನ್ನಬಹುದು, ಬೇಡ ಎಂದದ್ದನ್ನು ಬೇಕು ಎನ್ನಬಹುದು. ಆಗ ಹೇಳಿದ್ದೇ ನನ್ನ ಮಾತು."

ಇನ್ನು ಅವ್ವನ ಪ್ರಶ್ನೆ. ಮನೆಯಲ್ಲಿ ಜೋಳ ಇದ್ದೂ ಉಣ್ಣದಿದ್ದರೆ ಅದು ಉಪವಾಸ. ಜೋಳವೇ ಇಲ್ಲದೆ ಉಣ್ಣದಿದ್ದರೆ ಅದು ಹಸಿವು. ಉಪವಾಸಕ್ಕೆ ಪುಣ್ಯ ಇದೆ, ಏಕೆಂದರೆ ಅದನ್ನು ಬಿಡಬಹುದಿತ್ತು. ನೋವನ್ನು ಪೂರ್ತಿ ಅನುಭವಿಸಿಯೇ ಹಡೆಯುತ್ತೇನೆ ಎಂದು ತಿಳಿದು ಆರಿಸಿಕೊಳ್ಳುವವಳನ್ನು ನಾನು ಗೌರವಿಸುತ್ತೇನೆ. ಆರಿಸುವ ಅವಕಾಶವೇ ಇಲ್ಲದವಳಿಗೆ ಪುಣ್ಯದ ಆಸೆ ತೋರಿಸುವುದು ಮಾತ್ರ ಸರಿಯಲ್ಲ. ಹಾಗಾದರೆ ಅವ್ವನದು ಬರೀ ಹಸಿವೇ? ಇಷ್ಟಕ್ಕೇ ನಿಲ್ಲಿಸಿದರೆ ಅವ್ವನಿಗೆ ಅನ್ಯಾಯವಾಗುತ್ತದೆ. ಬರಗಾಲ ಕಂಡ ನೆಲ ನಮ್ಮದು. ಬರದಲ್ಲಿ ತಾನು ಹಸಿದು ಮಕ್ಕಳಿಗೆ ಉಣಿಸಿದವಳನ್ನು ನಾವು ಕೈಮುಗಿದು ನೆನೆಯುತ್ತೇವೆ. ಅವಳ ಹಿರಿಮೆ ಉಳಿಯಲೆಂದು ಬರಗಾಲ ಮತ್ತೆ ಬರಲಿ ಎನ್ನುವುದಿಲ್ಲ. ಅವಳೂ ಅನ್ನುವುದಿಲ್ಲ.

ಇದನ್ನೇ ಅವ್ವನಿಗೆ ನನ್ನ ಮಾತಿನಲ್ಲಿ ಹೇಳಿದೆ. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಹಾಳೆ ಓದಿಸಿ ಕೇಳಿದಳು. "ಸೊಂಟ ಒತ್ತಲಾಕ ನಾ ಇರ್ತೀನಂತ ಬರದಿಯಿಲ್ಲೋ?" ಎಂದಳು. ಬರೆದಿದ್ದೆ, ಇನ್ನೊಮ್ಮೆ ಬರೆದೆ.

ಒಂದು ಮುಜುಗರ ಉಳಿದೇ ಇದೆ. ನನ್ನ ಎಪಿಡ್ಯೂರಲ್‌ಗೆ ಫೆಲೋಶಿಪ್‌ನಲ್ಲಿ ಹಣ ಉಳಿಸಿದ್ದೇನೆ. ಅವ್ವನ ಜೊತೆ ದ್ರಾಕ್ಷಿ ಆರಿಸಲು ಬರುವ ಹುಡುಗಿಗೂ ನನ್ನ ತಿಂಗಳೇ. ಅವಳ ಹತ್ತಿರ ಆ ಹಣ ಇಲ್ಲ, ಅವಳು ಹೋಗುವ ಕಡೆ ಅರಿವಳಿಕೆ ತಜ್ಞರು ಸಿಗುವ ಖಾತ್ರಿಯೂ ಇಲ್ಲ. ವಿಕ್ಟೋರಿಯಾ ರಾಣಿಯ ಕಥೆಯಲ್ಲಿ ನಾನು ಯಾರ ಪಕ್ಕ ಕೂತಿದ್ದೇನೆಂದು ನನಗೆ ಗೊತ್ತಿದೆ. ಆದರೂ ನನ್ನ ಹಾಳೆಯ ಅರ್ಧಕ್ಕೆ ಹಣ ಬೇಕಿಲ್ಲ. ತನ್ನವರೊಬ್ಬರು ಜೊತೆಗಿರುವುದು, ಎದ್ದು ತಿರುಗಾಡಲು ಬಿಡುವುದು, ಬೈಯದಿರುವುದು, ಏನು ಬೇಕವ್ವಾ ಎಂದು ಕೇಳುವುದು. ಗೌರವದ ಹೆರಿಗೆ ಆರೈಕೆ ಎಂದು ಕೇಂದ್ರ ಸರ್ಕಾರದ 2017ರ ಲಕ್ಷ್ಯ ಕಾರ್ಯಕ್ರಮವೇ ಹೇಳುತ್ತದೆ. ಉಳಿದ ಅರ್ಧಕ್ಕಾಗಿ ಕೇಳುವ ಕೆಲಸ ನಮ್ಮಂಥವರದು. ಆ ಹುಡುಗಿಗಾಗಿ ಹಾಳೆಯ ಇನ್ನೊಂದು ಪ್ರತಿ ಬರೆದು ಅವ್ವನ ಕೈಗೆ ಕೊಟ್ಟು ಬಂದಿದ್ದೇನೆ.