ಬೋರರ್ ಗಿಡ ತೋರಿಸಿದ್ದು ಯಾರು?

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಯಾವ ಪ್ಲಾಂಟರ್ ಸಿಕ್ಕರೂ ಮಾತು ಸ್ವಲ್ಪ ಹೊತ್ತಿಗೆ ಆಳಿನ ವಿಷಯಕ್ಕೆ ಬಂದು ನಿಲ್ಲುತ್ತದೆ. ಆಳು ಸಿಗುವುದಿಲ್ಲ; ಸಿಕ್ಕವರು ಮನಸ್ಸಿಟ್ಟು ಮಾಡುವುದಿಲ್ಲ. ಮೊದಲ ದೂರಿನ ಕಾರಣ ಎಲ್ಲರಿಗೂ ಗೊತ್ತು. ಊರಿನ ಮಕ್ಕಳು ಓದಿ ಬೆಂಗಳೂರು ಸೇರಿದರು, ಕಾಫಿ ಕುಯ್ಲಿಗೆ ಈಗ ಅಸ್ಸಾಂ, ಜಾರ್ಖಂಡ್‌ಗಳಿಂದಲೂ ಜನ ಬರುತ್ತಾರೆ. ನನಗೆ ಹೇಳುವುದಿರುವುದು ಎರಡನೆಯ ದೂರಿನ ಬಗ್ಗೆ. ಬೆಂಗಳೂರು ಸೇರಿದ ಆ ಮಕ್ಕಳ ಮ್ಯಾನೇಜರುಗಳೂ ಅವರ ಮೇಲೆ ಹೇಳುವುದು ಇದೇ ದೂರನ್ನು.

ಕುಯ್ಲಿನಲ್ಲಿ ಕೆಜಿ ಲೆಕ್ಕ. ಸಂಜೆ ತಕ್ಕಡಿಯ ಎದುರು ಚೀಲ ಇಳಿಯುತ್ತದೆ, ರೈಟರ್ ಬರೆದುಕೊಳ್ಳುತ್ತಾರೆ. ತೂಕ ನೆಟ್ಟಗಿದ್ದು, ಬಟವಾಡೆ ದಿನ ತಪ್ಪದಿದ್ದರೆ ಚೀಲ ತುಂಬುತ್ತದೆ. ಹಣ್ಣಿನ ಜೊತೆ ಹಸಿರು ಕಾಯಿಯೂ ಸೇರುತ್ತದೆ. ತಕ್ಕಡಿಗೆ ಅವೆರಡರ ಭೇದ ತಿಳಿಯದು. ಅಷ್ಟರ ಮಟ್ಟಿಗೆ ಕೂಲಿ ತನ್ನ ಕೆಲಸ ಮಾಡುತ್ತದೆ. ಅದನ್ನು ಸರಿಯಾಗಿ ಕೊಡದವರು ಮುಂದಿನದನ್ನು ಓದುವ ಅಗತ್ಯವೇ ಇಲ್ಲ.

ಬೋರರ್ ಹುಡುಕುವ ಕೆಲಸ ಬೇರೆ ಥರದ್ದು. ಬೋರರ್ ಎಂದರೆ ಬಿಳಿ ಕಾಂಡಕೊರಕ, ಅರೇಬಿಕಾ ಕಾಫಿಯ ದೊಡ್ಡ ಶತ್ರು. ಏಪ್ರಿಲ್–ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ದುಂಬಿ ಹೊರಬಂದು ಹಾರಿ ಮೊಟ್ಟೆ ಇಡುತ್ತದೆ. ಅದಕ್ಕೆ ಮುಂಚೆ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಸಾಲು ಸಾಲು ನಡೆದು ಹುಳು ಹಿಡಿದ ಗಿಡ ಗುರುತಿಸಿ, ಕಿತ್ತು ಸುಡಬೇಕು. ಎಲೆ ತುಸು ಹಳದಿಯಾಗಿರುತ್ತದೆ, ಗಿಡ ಸೊರಗಿದಂತೆ ಕಾಣುತ್ತದೆ. ಬಗ್ಗಿ ಕಾಂಡ ನೋಡಿದರೆ ತೊಗಟೆಯ ಮೇಲೆ ಬೆರಳಿಗೆ ಸಿಗುವ ಉಬ್ಬುಗೆರೆ. ಒಳಗೆ ಹುಳು ಕೊರೆದ ದಾರಿ ಅದು. ಪ್ರತಿ ಗಿಡಕ್ಕೂ ಬಗ್ಗಬೇಕು. ಬಗ್ಗದೆ ದಾಟಿದರೆ ಆ ದಿನ ಯಾರಿಗೂ ಗೊತ್ತಾಗುವುದಿಲ್ಲ, ಹಿಂದೆ ನಿಂತ ಮೇಸ್ತ್ರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ದುಂಬಿ ಹಾರಿದ ಮೇಲೆ, ಅಕ್ಕಪಕ್ಕದ ಗಿಡಗಳೂ ಹೋದ ಮೇಲೆ.

ಹಾಗಿದ್ದರೂ ಬಗ್ಗಿ ನೋಡುವವರಿದ್ದಾರೆ. ಯಾಕೆ ನೋಡುತ್ತಾರೆ?

ಅಮೆರಿಕದ ಸಂಶೋಧಕ ವಿಲಿಯಂ ಕಾನ್ ಬೇಸಿಗೆ ಶಿಬಿರವೊಂದರ ಮತ್ತು ವಾಸ್ತುಶಿಲ್ಪ ಕಚೇರಿಯೊಂದರ ಕೆಲಸಗಾರರನ್ನು ಗಮನಿಸಿ 1990ರಲ್ಲಿ ಇದೇ ಪ್ರಶ್ನೆಗೆ ಉತ್ತರ ಬರೆದರು. ಮನುಷ್ಯ ಕೆಲಸಕ್ಕೆ ತನ್ನನ್ನು ಪೂರ್ತಿ ಕೊಡಬೇಕಾದರೆ ಮೂರು ಸಂಗತಿ ಬೇಕು ಎಂದರು: ಮಾಡಿದ್ದಕ್ಕೆ ಅರ್ಥವಿದೆ ಎಂಬ ಭಾವನೆ, ಬಾಯಿ ಬಿಟ್ಟರೆ ಕೇಡಾಗದು ಎಂಬ ಧೈರ್ಯ, ಕೊಡಲು ಮೈಮನಸ್ಸಿನಲ್ಲಿ ಉಳಿದ ಕಸುವು.

ಮೂರನೆಯದನ್ನು ನಮ್ಮ ಕಾನೂನು ಬಹಳ ಹಿಂದೆಯೇ ಅರಿತಿತ್ತು. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರ ಇರಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತ್ತು. ಲೈನ್ ಮನೆಯಲ್ಲಿ ಜ್ವರದ ಕೂಸನ್ನು ಬಿಟ್ಟು ಬಂದ ತಾಯಿಯ ಕಣ್ಣು ಕಾಂಡದ ಮೇಲೆ ನಿಲ್ಲುವುದಾದರೂ ಹೇಗೆ?

ಧೈರ್ಯದ ಮಾತು ಇಲ್ಲಿ ಜೀವದ ಮಾತೂ ಹೌದು. ಮರಗಸಿಗೆ, ಮೆಣಸು ಕುಯ್ಯಲು ಅಲ್ಯೂಮಿನಿಯಂ ಏಣಿ ಹೊತ್ತು ಹೋದವರು ಕರೆಂಟ್ ತಂತಿ ತಗುಲಿ ಸತ್ತ ಸುದ್ದಿ ಮಲೆನಾಡಿಗೆ ಹೊಸದಲ್ಲ. ‘ರೈಟ್ರೇ, ಮೇಲೆ ಲೈನ್ ಹೋಗಿದೆ, ಇಲ್ಲಿ ಏಣಿ ಬೇಡ’, ‘ಆ ಬ್ಲಾಕಿನಲ್ಲಿ ಆನೆ ನಿಂತಿದೆ’ ಎಂದವರಿಗೆ ‘ಸೋಮಾರಿತನಕ್ಕೆ ನೆಪ ಬೇಡ’ ಎಂಬ ಉತ್ತರ ಸಿಕ್ಕರೆ, ಅವರು ಮತ್ತೆ ಹೇಳುವುದಿಲ್ಲ. ಬೋರರ್ ಗಿಡವನ್ನೂ ತೋರಿಸುವುದಿಲ್ಲ.

ಅರ್ಥದ ವಿಷಯಕ್ಕೆ ಬಂದರೆ, ಮೂಡಿಗೆರೆಯಲ್ಲಿ ಕಾಫಿ ಬೆಳೆದುಕೊಂಡೇ ಬರೆದ ತೇಜಸ್ವಿಯವರ ‘ಕರ್ವಾಲೋ’ ನೆನಪಾಗುತ್ತದೆ. 1980ರ ಆ ಕಾದಂಬರಿಯ ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೋ ಮಾತ್ರ ಅವನಲ್ಲಿ ಅಪರೂಪದ ವೀಕ್ಷಕನನ್ನು ಕಾಣುತ್ತಾರೆ, ಹಾರುವ ಓತಿಯನ್ನು ಕಂಡೆನೆಂಬ ಅವನ ಮಾತನ್ನು ನಂಬುತ್ತಾರೆ, ಅವನ ಜೊತೆಯಲ್ಲೇ ಅದನ್ನು ಹುಡುಕಿಕೊಂಡು ಕಾಡಿಗೆ ಹೊರಡುತ್ತಾರೆ. ಹೊಗಳುವುದಕ್ಕಿಂತ ದೊಡ್ಡದು ಇದು. ‘ಭೇಷ್’ ಅನ್ನಲು ಖರ್ಚಿಲ್ಲ. ಹೇಳಿದ್ದನ್ನು ನಂಬಿ ಹೆಜ್ಜೆ ಇಡಲು ಮನಸ್ಸು ಬೇಕು. ಕಚೇರಿಗಳ ಸನ್ಮಾನ, ಕೇಕು, ‘ತಿಂಗಳ ಉದ್ಯೋಗಿ’ಯ ಫೋಟೋ ಇವೆಲ್ಲ ಅಷ್ಟಾಗಿ ಫಲ ಕೊಡದಿರುವುದು ಇದರಿಂದಲೇ ಎಂದು ನನ್ನ ನಂಬಿಕೆ.

ಹೀಗೆ ನಂಬುವುದು ರೂಢಿಯಿಂದ ಬರುವ ಗುಣ. ಬೋರರ್ ಗಿಡ ತೋರಿಸಿದವರ ಹೆಸರನ್ನು ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳಲಿ. ಕಿತ್ತ ಗಿಡದ ಕಾಂಡವನ್ನು ಅವರೆದುರೇ ಸೀಳಿ ಹುಳು ತೋರಿಸಲಿ. ಆಗ ಮಾರನೇ ದಿನ ಬೆರಳು ತಾನಾಗಿ ತೊಗಟೆ ತಡವುತ್ತದೆ. ಹೇಳಿದ್ದು ತಪ್ಪಾಗಿದ್ದರೂ ಅದು ಬೋರರ್ ಯಾಕಲ್ಲ ಎಂದು ವಿವರಿಸಲಿ, ನಗುವುದು ಬೇಡ. ಭಾಷೆ ಬಾರದ ಜಾರ್ಖಂಡಿನ ಹುಡುಗನಿಗೂ ಸೀಳಿದ ಕಾಂಡ ಅರ್ಥವಾಗುತ್ತದೆ.

ತೋಟವಿಲ್ಲದವರಿಗೂ ಇದು ಸಲ್ಲುತ್ತದೆ. ಅಂಗಡಿ, ಶಾಲೆ, ಬ್ಯಾಂಕು, ಸಾಫ್ಟ್‌ವೇರ್ ಕಂಪನಿ ಎಲ್ಲೇ ಇರಲಿ, ನಿಮ್ಮ ಕೈಕೆಳಗೆ ಒಬ್ಬರಾದರೂ ಇದ್ದಾರಲ್ಲ? ಕಳೆದ ವಾರ ಅವರು ನಿಮಗೊಂದು ಕೊರತೆಯನ್ನೋ, ಅಪಾಯವನ್ನೋ, ಹೊಸ ಯೋಚನೆಯನ್ನೋ ಹೇಳಿರುತ್ತಾರೆ, ನೀವು ‘ನೋಡೋಣ’ ಎಂದಿರುತ್ತೀರಿ. ನಾಳೆ ಬೆಳಿಗ್ಗೆ ಬೇರೆ ಕೆಲಸ ಶುರುಮಾಡುವ ಮೊದಲು ಅವರನ್ನು ಕರೆದು, ಆಗುತ್ತದೆಯೋ ಇಲ್ಲವೋ, ಯಾಕೆ ಎಂದು ಹೇಳಿಬಿಡಿ.