ಕೊಂದವರು ಯಾರು?

ಬ್ರೆಜಿಲ್ ದೇಶದ ಅಲಗೋವಾಸ್ ರಾಜ್ಯದ ಮುರಿಸಿ ಕಾಡಿನಲ್ಲಿ 1979ರಲ್ಲಿ ಗುಬ್ಬಿಗಿಂತಲೂ ಕಿರಿದಾದ ಪಕ್ಷಿಯೊಂದು ವಿಜ್ಞಾನಿಗಳಿಗೆ ಗೋಚರಿಸಿತು. ಇರುವೆಹಕ್ಕಿಗಳ ಕುಟುಂಬಕ್ಕೆ ಸೇರಿದ ಇದರ ಹೆಸರು ಅಲಗೋವಾಸ್ ಆಂಟ್‌ರೆನ್. ಇಂದು ಇದು ಅಳಿವಿನ ತೀರಾ ಅಂಚಿನಲ್ಲಿದೆ, ಉಳಿದಿರುವುದು ಬೆರಳೆಣಿಕೆಯಷ್ಟು.

ಇದರ ಮೇಲೆ ಬಾಣ ಬಿಟ್ಟವರಿಲ್ಲ, ಬಲೆ ಬೀಸಿದವರಿಲ್ಲ. ಕಬ್ಬಿನ ಗದ್ದೆಗಾಗಿ, ದನಗಳ ಹುಲ್ಲುಗಾವಲಿಗಾಗಿ ಕಾಡು ಕಡಿಯಲ್ಪಟ್ಟಿತು. ಕಬ್ಬಿನಿಂದ ವಾಹನಗಳ ಇಂಧನ ತಯಾರಿಸುವ ಯೋಜನೆಯನ್ನು ಅಲ್ಲಿನ ಸರ್ಕಾರ 1975ರಲ್ಲಿ ಆರಂಭಿಸಿದ ಮೇಲೆ ಗದ್ದೆಗಳು ಇನ್ನಷ್ಟು ಹಬ್ಬಿದವು. ಕಡಿದವನು ಕೂಲಿಗಾಗಿ ಕಡಿದನು; ಒಡೆಯನು ಬೇಡಿಕೆಯಿದ್ದುದರಿಂದ ಬೆಳೆದನು; ಕೊಂಡವನು ಹಕ್ಕಿಯ ಹೆಸರನ್ನೇ ಕೇಳಿರಲಿಲ್ಲ. ಒಬ್ಬೊಬ್ಬರಾಗಿ ನೋಡಿದರೆ ಎಲ್ಲರೂ ನಿರ್ದೋಷಿಗಳು. ಆದರೂ ಒಂದು ಸಂತತಿ ನಾಶವಾಗುತ್ತಿದೆ.

ಹಾಗಾದರೆ ಪಾಪವು ಹಲವರಲ್ಲಿ ಹಂಚಿಹೋದರೆ ಇಲ್ಲವಾಗುವುದೇ? ಇಲ್ಲ. ಕೊಲ್ಲುವ ಉದ್ದೇಶವಿಲ್ಲದವನಿಗೆ ದ್ವೇಷದ ದೋಷ ತಟ್ಟದು. ಅಜಾಗರೂಕತೆಯ ದೋಷ ತಪ್ಪದು. ಅರಿಯದವನ ಅಜ್ಞಾನ ಕ್ಷಮ್ಯವಾಗಬಹುದು. ಅರಿತ ಮೇಲೂ ಸುಮ್ಮನಿರುವವನಿಗೆ ಆ ನೆಪ ಉಳಿಯದು.

2001ರಲ್ಲಿ ಮುರಿಸಿಯ ಕಾಡು ಸಂರಕ್ಷಿತ ಪ್ರದೇಶವಾಯಿತು. ಆದರೆ ಅದೇ ಕಾಡಿನಲ್ಲಿ 1979ರಲ್ಲಿಯೇ ಪತ್ತೆಯಾಗಿದ್ದ ಇನ್ನೊಂದು ಹಕ್ಕಿ 2011ರ ನಂತರ ಎಲ್ಲಿಯೂ ಕಂಡಿಲ್ಲ; ಅದರ ಸಂತತಿ ಅಳಿಯಿತೆಂದು ತಜ್ಞರು ನಿರ್ಣಯಿಸಿದ್ದಾರೆ. ಬೇಲಿಯು ಕೊಡಲಿಯನ್ನು ತಡೆಯಬಲ್ಲದು. ಕೊಡಲಿಯ ಹಿಂದಿನ ಬೇಡಿಕೆಯನ್ನು ತಡೆಯಲು ಬಳಸುವವನ ಸಂಯಮವೇ ಬೇಕು.