ಫುಲ್ ಅಂದರೆ ಎಷ್ಟು?

ಯುಎಸ್‌ಬಿ ಲೋಕದಲ್ಲಿ ‘ಫುಲ್ ಸ್ಪೀಡ್’ ಅಂದರೆ ಸೆಕೆಂಡಿಗೆ 12 ಮೆಗಾಬಿಟ್, ‘ಹೈ ಸ್ಪೀಡ್’ ಅಂದರೆ 480. ಪೂರ್ತಿ ಅನ್ನಿಸಿಕೊಂಡದ್ದು ಹೆಚ್ಚು ಅನ್ನಿಸಿಕೊಂಡದ್ದರ ನಲವತ್ತನೇ ಒಂದು ಪಾಲು! ಇದರಲ್ಲಿ ಯಾರ ಮೋಸವೂ ಇಲ್ಲ. 1996ರಲ್ಲಿ ಇದ್ದದ್ದು ಎರಡೇ ವೇಗ, 1.5 ಮತ್ತು 12. ಆಗ 12 ನಿಜಕ್ಕೂ ಫುಲ್ಲೇ. 2000ದಲ್ಲಿ ಯುಎಸ್‌ಬಿ 2.0 ಬಂದು 480 ಸೇರಿಸಿತು, ಹಳೆಯ ವೇಗಗಳನ್ನೂ ತನ್ನೊಳಗೇ ಇಟ್ಟುಕೊಂಡಿತು. ಹಾಗಾಗಿ 12ರಲ್ಲೇ ಓಡುವ ಚಿಪ್ಪನ್ನೂ ‘ಯುಎಸ್‌ಬಿ 2.0’ ಅಂತ ಕರೆಯಬಹುದು. ಸುಳ್ಳಲ್ಲ.

ಸುಳ್ಳಲ್ಲದ ಮಾತನ್ನೆಲ್ಲ ಆಡಬಹುದಾ? ಈಚೆಗೆ ನನ್ನ ತಲೆ ತಿಂದದ್ದು ಈ ಪ್ರಶ್ನೆ.

ಪೀಣ್ಯದ ಪರಿಚಿತರೊಬ್ಬರು ಮೋಟಾರಿನ ಕಂಪನ ಅಳೆಯುವ ಉಪಕರಣ ಮಾಡಹೊರಟಿದ್ದಾರೆ. ಮೈಕ್ರೋಕಂಟ್ರೋಲರ್ ಆರಿಸಿಕೊಡುವ ಕೆಲಸ ನನ್ನದು. ನಾಲ್ಕು ಸೆನ್ಸರ್, ಪ್ರತಿಯೊಂದರಿಂದ ಸೆಕೆಂಡಿಗೆ 2 ಲಕ್ಷ ಅಳತೆ, ಅಳತೆಗೆ 2 ಬೈಟ್. ಒಟ್ಟು 16 ಲಕ್ಷ ಬೈಟ್. ಫುಲ್ ಸ್ಪೀಡಿನ ಬಲ್ಕ್ ದಾರಿಯಲ್ಲಿ ಒಂದು ಮಿಲಿಸೆಕೆಂಡಿಗೆ 64 ಬೈಟಿನ 19 ಪ್ಯಾಕೆಟ್ ದಾಟಿದರೆ ಅದೇ ಹೆಚ್ಚು, ಅಂದರೆ ಸೆಕೆಂಡಿಗೆ 12 ಲಕ್ಷ ಚಿಲ್ಲರೆ. ಲೆಕ್ಕ ಅಲ್ಲಿಗೇ ಮುಗೀತು, ಹೈ ಸ್ಪೀಡ್ ಬೇಕೇ ಬೇಕು.

ಆದರೆ ಬರೀ ಹೆಸರು ನಂಬೋ ಹಾಗಿಲ್ಲ. ಎಸ್‌ಟಿಎಂ32ಎಫ್407ರಲ್ಲಿ ‘ಓಟಿಜಿ ಎಚ್‌ಎಸ್’ ಅನ್ನುವ ಪೋರ್ಟ್ ಇದೆ. ತಂತಿಯ ಮೇಲೆ ಸಿಗ್ನಲ್ ಹೊರಡಿಸುವ ಭಾಗಕ್ಕೆ ‘ಫೈ’ ಅಂತಾರೆ. ಈ ಚಿಪ್ಪಿನೊಳಗೆ ಇರೋದು ಫುಲ್ ಸ್ಪೀಡಿನ ಫೈ. 480 ಬೇಕಾದರೆ ಹೊರಗೆ ಇನ್ನೊಂದು ಚಿಪ್ ಕೂರಿಸಿ, ಯುಎಲ್‌ಪಿಐ ಜೋಡಣೆಗೆ 12 ಪಿನ್ ಬಿಟ್ಟುಕೊಡಬೇಕು. ಎಲ್‌ಪಿಸಿ4330ರ ಎರಡು ಪೋರ್ಟುಗಳಲ್ಲಿ ಒಂದಕ್ಕೆ ಮಾತ್ರ ಹೈ ಸ್ಪೀಡ್ ಫೈ ಒಳಗೇ ಇದೆ. ಐ.ಎಂಎಕ್ಸ್ ಆರ್‌ಟಿ1062ರಲ್ಲಿ ಎರಡಕ್ಕೂ ಇದೆ. ಇದ್ಯಾವುದನ್ನೂ ತಯಾರಕರು ಬಚ್ಚಿಟ್ಟಿಲ್ಲ, ಎಲ್ಲ ಡೇಟಾಶೀಟಿನಲ್ಲಿದೆ. ಓದೋದು ಎಂಜಿನಿಯರನ ಕೆಲಸ, ಅದಕ್ಕೇ ಅವನಿಗೆ ಸಂಬಳ.

ಚಿಪ್ಪಿನ ಬೆಲೆ ನೋಡಿ ಪರಿಚಿತರು ಅಂದರು: “ಕಮ್ಮಿ ರೇಟಿನ ಫುಲ್ ಸ್ಪೀಡೇ ಹಾಕಿ ಸಾರ್. ಅಳತೆ ಅರ್ಧಕ್ಕಿಳಿಸೋಣ. ಡಬ್ಬಿ ಮೇಲೆ ಯುಎಸ್‌ಬಿ 2.0 ಅಂತ ಹಾಕಿದ್ರೆ ನಿಜಾನೇ ತಾನೇ?”

ನಿಜವೇ. ಧರ್ಮರಾಯ ಆಡಿದ್ದೂ ನಿಜವೇ, ಅಶ್ವತ್ಥಾಮ ಅನ್ನೋ ಆನೆ ಸತ್ತಿತ್ತು. ‘ಆನೆ’ ಅನ್ನೋದಷ್ಟೇ ಮೆಲ್ಲಗೆ ಬಂತು. ದ್ರೋಣರು ಶಸ್ತ್ರ ಕೆಳಗಿಟ್ಟದ್ದು ಮಾತನ್ನು ಪರೀಕ್ಷಿಸಿ ಅಲ್ಲ, ಆಡಿದವನ ಮುಖ ನೋಡಿ. ಡೇಟಾಶೀಟ್ ಕೈಯಲ್ಲಿರೋ ನನಗೆ ‘ಆನೆ’ ಕೇಳಿಸುತ್ತೆ. ಕಾರ್ಖಾನೆಯಲ್ಲಿ ಈ ಡಬ್ಬಿ ಕೊಳ್ಳುವ ಮೆಕ್ಯಾನಿಕ್‌ಗೆ ಕೇಳಿಸೋದಿಲ್ಲ. ಅವರ ಕೈಗೆ ಬರೋದು ಡಬ್ಬಿ ಮಾತ್ರ. ಬೇರಿಂಗ್ ಕೆಡುವ ಮೊದಲ ಸುಳಿವು ಸಿಗೋದು ಮೇಲಿನ ಆವರ್ತನಗಳಲ್ಲಿ; ಅಳತೆ ಅರ್ಧಕ್ಕಿಳಿದರೆ ಅದು ಕಾಣದೇ ಹೋಗಬಹುದು. ಪರದೆಯ ಮೇಲೆ ಎಲ್ಲಾ ಸರಿಯಾಗಿದೆ ಅಂತಲೇ ಕಾಣುತ್ತೆ. ಮೋಟಾರಿನ ಪಕ್ಕ ನಿಂತಿರೋರು ಅವರೇ.

ಹಾಗಂತ ನಿಧಾನದ ಚಿಪ್ ಪಾಪವಲ್ಲ. ಮೌಸಿಗೆ 1.5 ಸಾಕು, ಅದಕ್ಕೆ 480 ಕೊಡೋದು ದುಡ್ಡು ದಂಡ. ಅಗ್ಗದ ಉಪಕರಣವೂ ಬೇಕು, ಬಡ ವರ್ಕ್‌ಶಾಪಿಗೆ ಅರ್ಧ ಅಳತೆ ಏನೂ ಇಲ್ಲದ್ದಕ್ಕಿಂತ ಮೇಲು. ಅದನ್ನೇ ಹೇಳಿದೆ: “ಫುಲ್ ಸ್ಪೀಡೇ ಹಾಕೋಣ. ಡಬ್ಬಿ ಮೇಲೆ ‘ಸೆಕೆಂಡಿಗೆ 1 ಲಕ್ಷ ಅಳತೆ’ ಅಂತ ದೊಡ್ಡದಾಗಿ ಬರೀರಿ.”

“ಹಾಗೆ ಬರೆದ್ರೆ ಯಾರ್ ತಗೋತಾರೆ ಸಾರ್?”

ಗೊತ್ತಾದರೆ ಕೊಳ್ಳೋದಿಲ್ಲ ಅಂತ ಗೊತ್ತಿದ್ದೇ ಆಡುವ ನಿಜ ಯಾವ ಜಾತಿಯದು? ಅವರನ್ನೇ ಕೇಳಿದೆ. ನಕ್ಕರು, ಕಾಫಿ ತರಿಸಿದರು.

ಸದ್ಯ ಆರ್‌ಟಿ1062ರ ಬೋರ್ಡೊಂದು ಮೇಜಿನ ಮೇಲಿದೆ. ಬೆಲೆಯ ಚೌಕಾಸಿ ನಡೀತಾ ಇದೆ, ಡಬ್ಬಿ ಮೇಲಿನ ಬರಹದ್ದೂ.